ಅಂಗಡಿಯ ಹಸಿರು, ಮನೆಯ ಹಸಿರು

ಯಲಹಂಕದ ಯಾವುದೇ ಪೇಂಟ್ ಅಂಗಡಿಯಲ್ಲಿ ಶೇಡ್ ಕಾರ್ಡ್ ಬಿಡಿಸಿದರೆ ಹಸಿರಿನದೇ ಹತ್ತಾರು ಚೌಕ. ಹೆಸರಿನಲ್ಲೂ ನೋಟದಲ್ಲೂ ಅಕ್ಕತಂಗಿಯರಂತಿರುವ ಎರಡರಲ್ಲಿ ಒಂದನ್ನು ಆರಿಸಿ ಬಳಿಸಿದಿರಿ ಎನ್ನಿ. ಅಂಗಡಿಯಲ್ಲಿ ಹಿತವಾಗಿದ್ದ ಬಣ್ಣ ಮಲಗುವ ಕೋಣೆಯಲ್ಲಿ ಬೂದುಬೂದಾಗಿ ಕಂಡೀತು. ಪೇಂಟರನ್ನು ಬೈಯುವ ಮೊದಲು ಬೆಳಕಿನತ್ತ ನೋಡಬೇಕು.

ಮೇಖ್ರಿ ವೃತ್ತದ ಬಳಿ 1948ರಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದ ಸಿ.ವಿ. ರಾಮನ್ ಬದುಕಿನ ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. 1968ರಲ್ಲಿ ದೃಷ್ಟಿಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಹಳದಿ ಹೂವಿನಿಂದ ಬರುವುದು ಬರೀ ಹಳದಿ ಬೆಳಕಲ್ಲ, ಹಸಿರು, ಕೆಂಪು ಕೂಡ ಅದರಲ್ಲಿವೆ, ಕಾಣೆಯಾಗಿರುವುದು ನೀಲಿ. ಗೋಡೆಯ ಹಸಿರೂ ಹೀಗೇ ಹಲವು ತರಂಗಗಳ ಬೆರಕೆ. ಅಂಗಡಿಯ ಯಂತ್ರ ಬೇಸ್‌ಗೆ ಹಸಿರಿನ ಜೊತೆ ಒಂದರಲ್ಲಿ ಹಳದಿ, ಕಪ್ಪು ಹಾಕಿದರೆ ಇನ್ನೊಂದರಲ್ಲಿ ನೀಲಿ, ಕಾವಿ ಹಾಕಬಹುದು. ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರೇ ಬಗೆ. ಆ ಮೂರರ ಲೆಕ್ಕ ಹೊಂದಿಬಿಟ್ಟರೆ ಬೇರೆಬೇರೆ ಬೆರಕೆಗಳೂ ಒಂದೇ ಬಣ್ಣವಾಗಿ ಕಾಣುತ್ತವೆ. ದೀಪ ಬದಲಾದರೆ ಲೆಕ್ಕ ಕೆಡುತ್ತದೆ. ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಅಂಗಡಿಯ 6500 ಕೆಲ್ವಿನ್ ಬಿಳಿ ಎಲ್‌ಇಡಿಯಲ್ಲಿ ನೀಲಿ ಹೆಚ್ಚು. ಮನೆಯ 2700 ಕೆಲ್ವಿನ್ ಬೆಚ್ಚನೆಯ ಬಲ್ಬಿನಲ್ಲಿ ಹಳದಿ, ಕೆಂಪು ಹೆಚ್ಚು. ಅಲ್ಲಿ ಅವಳಿಗಳಾಗಿದ್ದವು ಇಲ್ಲಿ ಬೇರೆಯಾಗುತ್ತವೆ.

ಇನ್ನು ಕಿಟಕಿ. ಉತ್ತರದ ಕೋಣೆಗೆ ಬಿಸಿಲೇ ಬೀಳದು, ನೀಲಿ ಛಾಯೆಯ ತಂಪು ಬೆಳಕಷ್ಟೇ ಎಂಬ ಸಲಹೆ ಯುರೋಪಿಗೆ ಬಹುಮಟ್ಟಿಗೆ ಸರಿ, ನಮಗಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಮೋಡವಿಲ್ಲದ ಜೂನ್ ಬೆಳಗ್ಗೆ ಹೆಬ್ಬಾಳದ ಫ್ಲಾಟಿನ ಉತ್ತರ ಕಿಟಕಿಯಲ್ಲೂ ಓರೆ ಬಿಸಿಲು ಬರುತ್ತದೆ. ಡಿಸೆಂಬರಿನಲ್ಲಿ ಬರುವುದೇ ಇಲ್ಲ. ಆ ಕೋಣೆಯ ಹಸಿರು ವರ್ಷದಲ್ಲಿ ಎರಡು ಬಗೆಯಾಗಿ ಕಾಣುವುದು ಸಹಜ. ನಾಲ್ಕೂ ಗೋಡೆಗೆ ಒಂದೇ ಬಣ್ಣವಾದರಂತೂ ಬೆಳಕು ಹಸಿರಿನಿಂದ ಹಸಿರಿಗೆ ಪುಟಿದು ಬಣ್ಣ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಚೌಕದಲ್ಲಿ ಇಷ್ಟವಾದುದಕ್ಕಿಂತ ಒಂದು ಹಂತ ತಿಳಿಯಾದುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಎರಡೂ ಹಸಿರಿನ ಸಣ್ಣ ಡಬ್ಬ ತನ್ನಿ. ಎರಡಡಿಯ ಬಿಳಿ ಹಲಗೆಗಳ ಮೇಲೆ ಎರಡೆರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಗೋಡೆಯಿಂದ ಗೋಡೆಗೆ ಸರಿಸಿ ನೋಡಿ. ಬೆಳಗ್ಗೆ, ಸಂಜೆ ನೋಡಿ. ರಾತ್ರಿ ದಿನವೂ ಉರಿಸುವ ಬಲ್ಬಿನ ಬೆಳಕಿನಲ್ಲೇ ನೋಡಿ. ಆಮೇಲೆ ದೊಡ್ಡ ಡಬ್ಬ ಕೊಳ್ಳಿ.