ಅನಿಲ ಸೆನ್ಸರ್‌ಗೆ ಗುರುತು ತಪ್ಪುವುದೇಕೆ?

ಸಿಲಿಂಡರ್ ಭದ್ರವಾಗಿಯೇ ಇರುತ್ತದೆ, ರೆಗ್ಯುಲೇಟರ್ ಬಂದಾಗಿರುತ್ತದೆ. ಆದರೂ ಅಡುಗೆಮನೆಯ ಅನಿಲ ಸೋರಿಕೆ ಅಲಾರಂ ಒಮ್ಮೊಮ್ಮೆ ಕಿರುಚಿಕೊಳ್ಳುತ್ತದೆ. ಯಾರೋ ಹತ್ತಿರದಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡಿರುತ್ತಾರೆ, ಅಷ್ಟೇ. ನಾಲ್ಕಾರು ಸಲ ಹೀಗಾದರೆ ಮನೆಯವರು ಬೇಸತ್ತು ಪ್ಲಗ್ ಕಿತ್ತಿಡುತ್ತಾರೆ. ಅಪಾಯ ಇರುವುದು ಅಲ್ಲಿಯೇ.

ಇಂಥ ಅನೇಕ ಅಲಾರಂಗಳೊಳಗೆ ಇರುವುದು ತವರದ ಆಕ್ಸೈಡ್. ಜಪಾನಿನ ನವೊಯೊಶಿ ತಗುಚಿ ಇದನ್ನು ಬಳಸುವ ಸೆನ್ಸರ್‌ಗೆ 1962ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಪುಟ್ಟ ಹೀಟರ್ ಆಕ್ಸೈಡಿನ ಕಣಗಳನ್ನು ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಗಾಳಿಯ ಆಮ್ಲಜನಕ ಆ ಕಣಗಳಿಗೆ ಅಂಟಿಕೊಂಡು ಅವುಗಳ ಎಲೆಕ್ಟ್ರಾನುಗಳನ್ನು ಕಸಿಯುತ್ತದೆ. ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಎಲ್‌ಪಿಜಿ ಬಂದಾಗ ಅದು ಆ ಆಮ್ಲಜನಕದೊಂದಿಗೆ ವರ್ತಿಸಿ ಎಲೆಕ್ಟ್ರಾನುಗಳನ್ನು ಬಿಡಿಸುತ್ತದೆ. ರೋಧ ಇಳಿಯುತ್ತದೆ, ಅಲಾರಂ ಕೂಗುತ್ತದೆ.

ಆದರೆ ಸ್ಯಾನಿಟೈಸರ್‌ನಲ್ಲಿರುವಂಥ ಮದ್ಯಸಾರದ ಆವಿ, ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್ ಮಾಡುವುದೂ ಇದೇ ಕೆಲಸವನ್ನು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಕೊಳ್ಳುವ ಎಂಕ್ಯೂ-2, ಎಂಕ್ಯೂ-3, ಎಂಕ್ಯೂ-7 ಸೆನ್ಸರ್‌ಗಳನ್ನು ಬೇರೆ ಬೇರೆ ಅನಿಲಗಳಿಗೆಂದು ಮಾರಿದರೂ ಮೂರರ ಮೂಲವಸ್ತುವೂ ತವರದ ಆಕ್ಸೈಡೇ.

ಹಾಗಾದರೆ ಒಂದೇ ಅನಿಲವನ್ನು ಆಯ್ದು ಗುರುತಿಸುವುದು ಹೇಗೆ? ಮೊದಲ ಉಪಾಯ ಉಷ್ಣತೆ. ಎಂಕ್ಯೂ-7ರ ಹೀಟರ್‌ಗೆ 60 ಸೆಕೆಂಡು 5 ವೋಲ್ಟ್, ನಂತರ 90 ಸೆಕೆಂಡು 1.4 ವೋಲ್ಟ್ ಕೊಡುತ್ತಾರೆ. ಬಿಸಿಯಲ್ಲಿ ಮೇಲ್ಮೈಗೆ ಅಂಟಿದ್ದೆಲ್ಲ ತೊಲಗುತ್ತದೆ, ತಂಪಾದಾಗ ಕಾರ್ಬನ್ ಮೊನಾಕ್ಸೈಡನ್ನು ಅಳೆಯಲಾಗುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ರಸಾಯನಶಾಸ್ತ್ರದ ದಾರಿ. ತವರದ ಆಕ್ಸೈಡಿಗೆ ತಾಮ್ರದ ಆಕ್ಸೈಡಿನ ಕಣಗಳನ್ನು ಬೆರೆಸಿದರೆ, ಅವೆರಡರ ಸಂಧಿಯಲ್ಲಿ ಎಲೆಕ್ಟ್ರಾನುಗಳಿಗೆ ಬಲವಾದ ತಡೆ ಹುಟ್ಟುತ್ತದೆ. ಚರಂಡಿ ಗುಂಡಿಗಳಲ್ಲಿ ಜೀವ ತೆಗೆಯುವ ಹೈಡ್ರೋಜನ್ ಸಲ್ಫೈಡ್ ತಗುಲಿದೊಡನೆ ತಾಮ್ರದ ಆಕ್ಸೈಡ್ ತಾಮ್ರದ ಸಲ್ಫೈಡ್ ಆಗುತ್ತದೆ. ಸಲ್ಫೈಡ್ ಲೋಹದಂತೆ ವಿದ್ಯುತ್ ಹರಿಸುವುದರಿಂದ ತಡೆ ಮಾಯವಾಗಿ ರೋಧ ಕುಸಿದು ಬೀಳುತ್ತದೆ. ಶುದ್ಧ ಗಾಳಿ ಸಿಕ್ಕರೆ ಅದು ಮತ್ತೆ ಆಕ್ಸೈಡ್ ಆಗಿ ಮುಂದಿನ ಅಳತೆಗೆ ಸಿದ್ಧ. ಮದ್ಯಸಾರದ ಆವಿಯಲ್ಲಾಗಲಿ ಕಾರ್ಬನ್ ಮೊನಾಕ್ಸೈಡಿನಲ್ಲಾಗಲಿ ಗಂಧಕವಿಲ್ಲ. ಈ ಬದಲಾವಣೆ ತರುವುದು ಅವುಗಳಿಗೆ ಸಾಧ್ಯವೇ ಇಲ್ಲ.

ವಸ್ತುವನ್ನು ಮುಟ್ಟದೆಯೂ ಕೆಲಸ ಸಾಧಿಸಬಹುದು. ಮೀಥೇನ್ ಸೆನ್ಸರ್‌ನ ಬಾಯಿಗೆ ಸಕ್ರಿಯ ಇದ್ದಿಲಿನ ಪದರ ಇಟ್ಟರೆ ಮದ್ಯಸಾರದ ಆವಿ ಅಲ್ಲೇ ಸಿಕ್ಕಿಬೀಳುತ್ತದೆ, ಮೀಥೇನ್ ದಾಟಿ ಹೋಗುತ್ತದೆ. ಹಲವು ಸೆನ್ಸರ್‌ಗಳನ್ನು ಜೊತೆಗಿಟ್ಟು ಅವುಗಳ ಪ್ರತಿಕ್ರಿಯೆಗಳ ಒಟ್ಟು ವಿನ್ಯಾಸದಿಂದ ವಾಸನೆ ಗುರುತಿಸುವ ‘ಎಲೆಕ್ಟ್ರಾನಿಕ್ ಮೂಗ’ನ್ನು ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಪರ್ಸೌಡ್ ಮತ್ತು ಡಾಡ್ 1982ರಲ್ಲೇ ತೋರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸತುವಿನ ಆಕ್ಸೈಡನ್ನು ನ್ಯಾನೊ ರೂಪಕ್ಕಿಳಿಸಿ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಸಂಶೋಧನೆ ನಡೆದಿದೆ.

ಇಷ್ಟಾದರೂ ಗಾಳಿಯ ತೇವಾಂಶ ಬಿಡದೆ ಕಾಡುತ್ತದೆ. ನೀರಾವಿಯೂ ಆಕ್ಸೈಡಿನ ಮೇಲ್ಮೈಗೆ ಅಂಟಿ ಅಳತೆಯನ್ನು ಏರುಪೇರು ಮಾಡುತ್ತದೆ. ಪ್ರಯೋಗಾಲಯದ ಒಣ ಗಾಳಿಯಲ್ಲಿ ಒಂದೊಂದೇ ಅನಿಲವನ್ನು ಬಿಟ್ಟು ಪಡೆದ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಸಾಲದು. ಹೊಸ ಸೆನ್ಸರ್ ತಯಾರಿಸುವವರು ಅದನ್ನು ಮಳೆಗಾಲದ ತೇವದಲ್ಲಿ, ಹಲವು ಅನಿಲಗಳ ಬೆರಕೆಯಲ್ಲಿ ಪರೀಕ್ಷಿಸಿ, ಆ ಅಂಕಿಗಳನ್ನೂ ಬಳಕೆದಾರರ ಮುಂದಿಡಬೇಕು.