ಸಪೂರ ಮೈಯ ಒಳಲೆಕ್ಕ

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಒಂದು ಫೋಟೊ ಅಚ್ಚು ಮಾಡಿತು. ಅಕ್ಕಪಕ್ಕದಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳು. ಒಬ್ಬರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರೂ ದಪ್ಪಗಿಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಎಕ್ಸ್‌ರೇ ಸ್ಕ್ಯಾನ್ ಮಾಡಿ ಮೈಯಲ್ಲಿರುವ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ. 9.1 ಇತ್ತು, ಯಾಜ್ಞಿಕ್ ಅವರಲ್ಲಿ ಶೇ. 21.2. ಬಿಎಂಐ ಸರಿಸಮ ಎಂದ ಇಬ್ಬರಲ್ಲಿ ಒಬ್ಬರ ಮೈಯಲ್ಲಿ ಇನ್ನೊಬ್ಬರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬು. ಯುಡ್ಕಿನ್ ಮ್ಯಾರಥಾನ್ ಓಡುವವರು, ಯಾಜ್ಞಿಕ್ ಅವರಿಗೆ ಅಂಥ ಅಭ್ಯಾಸವಿಲ್ಲ ಎಂಬುದನ್ನೂ ಅವರಿಬ್ಬರೇ ಅಲ್ಲಿ ಬರೆದಿದ್ದರು.

ಆ ಚಿತ್ರ ನಮ್ಮ ಮನೆಮನೆಯದು. ‘ಅವಳಿಗೇನು, ಕಡ್ಡಿ ಥರ ಇದ್ದಾಳೆ, ಅವಳಿಗೆಲ್ಲಿಂದ ಶುಗರ್ ಬಂತು?’ ಎಂದು ನೆಂಟರು ಕೇಳುವುದನ್ನು ನೀವೂ ಕೇಳಿರುತ್ತೀರಿ. ತೋಳು ಸಣ್ಣ, ಕಾಲು ಸಣ್ಣ, ಸೀರೆಯ ನೆರಿಗೆಯ ಮೇಲೆ ಮಾತ್ರ ಒಂದು ಪುಟ್ಟ ಹೊಟ್ಟೆ. ಗಂಡಸಾದರೆ ಶರ್ಟಿನ ಕೊನೆಯ ಎರಡು ಗುಂಡಿಗಳ ಬಳಿ ಅದೇ ಹೊಟ್ಟೆ. ಕನ್ನಡಿಯಲ್ಲಿ ಅದು ಕಂಡ ದಿನ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ರಾತ್ರಿಯ ಊಟ ಬಿಡುವುದು. ಮೊದಲೇ ಐವತ್ತು ಕೆ.ಜಿ. ಇರುವವರು ನಲವತ್ತಾರಕ್ಕೆ ಇಳಿಯುತ್ತಾರೆ. ಮುಖ ಬತ್ತುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ಹೊಟ್ಟೆ ಮಾತ್ರ ಅಲ್ಲೇ ಇರುತ್ತದೆ. ಇಷ್ಟು ಶ್ರದ್ಧೆಯಿಂದ ತಪ್ಪು ದಾರಿಯಲ್ಲಿ ನಡೆಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರಿಗೆ ಬೇಕಾದದ್ದು ತೂಕ ಇಳಿಸುವುದಲ್ಲ. ಇರುವ ತೂಕದೊಳಗಿನ ಸರಕು ಬದಲಾಗಬೇಕು.

ಈ ಮೈಕಟ್ಟಿನ ಬೇರು ತಾಯಿಯ ಗರ್ಭದಷ್ಟು ಹಿಂದಕ್ಕೆ ಹೋಗುತ್ತದೆ. ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳನ್ನು ಯಾಜ್ಞಿಕ್ ಅವರ ತಂಡ ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಂದಿಗೆ ಹೋಲಿಸಿತು. ಅಲ್ಲಿಯ ಕೂಸು ಸರಾಸರಿ 3.5 ಕೆ.ಜಿ., ಇಲ್ಲಿಯದು 2.7. ನಮ್ಮ ಕೂಸುಗಳ ತೋಳು, ಹೊಟ್ಟೆಯ ಸುತ್ತಳತೆ, ಉದ್ದ ಎಲ್ಲವೂ ಕಡಿಮೆ. ಬೆನ್ನಿನ ಮೇಲಿನ ಚರ್ಮವನ್ನು ಚಿಮುಟಿ ಅಳೆದ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಹೊಟ್ಟೆಯಲ್ಲಿದ್ದಾಗ ಪೋಷಣೆ ಸಾಲದೆ ಬಂದಾಗ ಕೂಸಿನ ಮೈ ಸ್ನಾಯುವನ್ನು ಬಿಟ್ಟುಕೊಟ್ಟು ಕೊಬ್ಬನ್ನು ಉಳಿಸಿಕೊಂಡಿತ್ತು. 

ಮೈಸೂರಿಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಪ್ರತಿ ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ಅದರಲ್ಲಿದ್ದ ಶಿಶುಗಳನ್ನು ನಡುವಯಸ್ಸಿನ ಗಂಡಸರು ಹೆಂಗಸರಾಗಿ ಅದೇ ಊರಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ಸಕ್ಕರೆ ಕಾಯಿಲೆಯ ಲೆಕ್ಕ ಬೇರೆಯಾಗಿತ್ತು: ಉದ್ದ ಕಡಿಮೆಯಿದ್ದು ಮೈ ಮಾತ್ರ ದುಂಡಗಿದ್ದ ಶಿಶುಗಳಿಗೆ ಮುಂದೆ ಅದು ಹೆಚ್ಚಾಗಿ ಬಂದಿತ್ತು. ಯಾರೋ ನರ್ಸು ಪೆನ್ನಿನಲ್ಲಿ ಬರೆದಿಟ್ಟ ಅಂಕಿ ಅರ್ಧ ಶತಮಾನದ ಮೇಲೆ ಮಾತನಾಡಿತು. 

ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಹೆಚ್ಚು ಮುಖ್ಯ. ಚರ್ಮದ ಕೆಳಗಿನ ಕೊಬ್ಬಿನ ಪದರವನ್ನು ಮನೆಯ ಕಣಜ ಎಂದುಕೊಳ್ಳಿ. ಕಣಜ ದೊಡ್ಡದಿದ್ದರೆ ಬೆಳೆ ಹೆಚ್ಚಾದರೂ ತೊಂದರೆಯಿಲ್ಲ. ಕಣಜವೇ ಚಿಕ್ಕದಾದರೆ ಮಿಕ್ಕ ಮೂಟೆಗಳನ್ನು ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ಓಡಾಡುವ ದಾರಿಯಲ್ಲಿ ಪೇರಿಸಬೇಕಾಗುತ್ತದೆ. ಸಪೂರ ಮೈಯಲ್ಲಿ ಆಗುವುದು ಇದೇ. ಮಿಕ್ಕ ಕೊಬ್ಬು ಕರುಳಿನ ಸುತ್ತ, ಯಕೃತ್ತಿನ ಒಳಗೆ, ಸ್ನಾಯುವಿನ ಎಳೆಗಳ ನಡುವೆ ಹೋಗಿ ಕೂರುತ್ತದೆ. ಅಲ್ಲಿ ಕೂತ ಕೊಬ್ಬು ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆ. ಜೊತೆಗೆ ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಇನ್ಸುಲಿನ್ನಿನ ಸೂಚನೆಯ ಮೇರೆಗೆ ಹೀರಿಕೊಳ್ಳುವ ಅತಿ ದೊಡ್ಡ ಅಂಗಾಂಶವೇ ಸ್ನಾಯು. ಆ ಸ್ನಾಯು ಕಡಿಮೆಯಿದ್ದರೆ ಸಕ್ಕರೆಗೆ ಹೋಗಲು ಜಾಗವಿಲ್ಲ. ಸಪೂರ ಮೈಗೆ ಎರಡೂ ಕಡೆಯಿಂದ ಪೆಟ್ಟು. ಒಂದು ಸಮಾಧಾನವಿದೆ: ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ತಾನೇ ಬಾಗಿಲು ತೆರೆದು ಸಕ್ಕರೆ ಎಳೆದುಕೊಳ್ಳುತ್ತದೆ. 

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. 158 ಸೆಂ.ಮೀ. ಎತ್ತರ, 50 ಕೆ.ಜಿ. ತೂಕದ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಬಿಎಂಐ 20, ಯಾವ ಚಾರ್ಟೂ ಬೆರಳು ತೋರಿಸುವುದಿಲ್ಲ. ಕೊಬ್ಬು ಶೇ. 33 ಎಂದಿಟ್ಟುಕೊಂಡರೆ 16.5 ಕೆ.ಜಿ. ಕೊಬ್ಬು, ಸ್ನಾಯು ಮೂಳೆ ಮತ್ತಿತರ ಎಲ್ಲ ಸೇರಿ 33.5. ಆಕೆ ಬರೀ ಊಟ ಬಿಟ್ಟು 4 ಕೆ.ಜಿ. ಇಳಿಸಿದರು. ಹೀಗೆ ಇಳಿದ ತೂಕದಲ್ಲಿ ಸ್ಥೂಲವಾಗಿ ಕಾಲು ಭಾಗ ಕೊಬ್ಬಲ್ಲದ್ದು ಹೋಗುತ್ತದೆ, ಸಪೂರವಿದ್ದವರಲ್ಲಿ ಆ ಪಾಲು ಇನ್ನೂ ಹೆಚ್ಚು. ಕಾಲು ಭಾಗವೆಂದೇ ಹಿಡಿದರೂ ಉಳಿಯುವುದು 13.5 ಕೆ.ಜಿ. ಕೊಬ್ಬು, 32.5 ಕೆ.ಜಿ. ಮಿಕ್ಕದ್ದು. ಕೊಬ್ಬಿನ ಪ್ರಮಾಣ ಶೇ. 29ರ ಆಸುಪಾಸಿಗೆ ಬಂತು ನಿಜ, ಆದರೆ ಬಿಎಂಐ 18.5ಕ್ಕಿಂತ ಕೆಳಗಿಳಿದು ಈಗ ಆಕೆ ಕಡಿಮೆ ತೂಕದವರ ಪಟ್ಟಿಗೆ ಸೇರಿದರು. ಅದೇ ಹೆಂಗಸು ತೂಕವನ್ನು ಮುಟ್ಟದೆ 2 ಕೆ.ಜಿ. ಕೊಬ್ಬು ಕಳೆದು 2 ಕೆ.ಜಿ. ಸ್ನಾಯು ಕಟ್ಟಿಕೊಂಡರೆ? ಕೊಬ್ಬು ಆಗಲೂ ಶೇ. 29. ಮಿಕ್ಕದ್ದು 35.5 ಕೆ.ಜಿ. ಎರಡು ದಾರಿಗಳ ನಡುವೆ ಮೂರು ಕೆ.ಜಿ. ಗಟ್ಟಿ ಮೈಯ ಅಂತರ. ಅರವತ್ತೈದನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಕಾಲು ಜಾರಿದಾಗ ಈ ಮೂರು ಕೆ.ಜಿ. ಕೆಲಸಕ್ಕೆ ಬರುತ್ತದೆ.

ಉಪವಾಸದ ಇನ್ನೊಂದು ಪೆಟ್ಟು ಅದನ್ನು ಬಿಟ್ಟ ಮೇಲೆ ಬೀಳುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಮೈತೂಕದ ಸುಮಾರು ಕಾಲು ಭಾಗ ಕರಗಿತು. ಮತ್ತೆ ಹೊಟ್ಟೆ ತುಂಬ ತಿನ್ನಲು ಬಿಟ್ಟಾಗ ಕೊಬ್ಬು ಸ್ನಾಯುವಿಗಿಂತ ಬೇಗ ಮರಳಿತು, ಮೊದಲಿದ್ದ ಮಟ್ಟವನ್ನೂ ದಾಟಿತು. ವರ್ಷಕ್ಕೆರಡು ಬಾರಿ ‘ಡಯಟ್’ ಮಾಡಿ ಬಿಡುವ ಸಪೂರ ಹುಡುಗಿಯರು ಇದನ್ನು ತಿಳಿದಿರಬೇಕು. ಪ್ರತಿ ಸುತ್ತಿನಲ್ಲೂ ಸ್ನಾಯು ಹೋಗಿ ಕೊಬ್ಬು ಬರುವ ವ್ಯಾಪಾರ ಅದು.

ಹಾಗಾದರೆ ಸ್ನಾಯು ಬೆಳೆಯುವುದು ಹೇಗೆ? ಭಾರಕ್ಕೆ ಮಾತ್ರ ಅದು ಓಗೊಡುತ್ತದೆ. ರೂಢಿಯಲ್ಲಿಲ್ಲದ ಎಳೆತ ಸ್ನಾಯುವಿನ ಮೇಲೆ ಬಿದ್ದಾಗ ಜೀವಕೋಶದೊಳಗೆ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುತ್ತದೆ. ಒಂದು ದಿನ, ಕೆಲವೊಮ್ಮೆ ಎರಡು ದಿನ ಆ ಚುರುಕು ಉಳಿಯುತ್ತದೆ. ಮೊದಲ ಕೆಲವು ವಾರ ಮೈ ದಪ್ಪವಾಗದೆಯೇ ಬಲ ಹೆಚ್ಚುತ್ತದೆ, ಏಕೆಂದರೆ ಇರುವ ಸ್ನಾಯುವಿನ ಎಳೆಗಳನ್ನು ಒಟ್ಟಿಗೆ ಎಬ್ಬಿಸುವುದನ್ನು ನರಗಳು ಮೊದಲು ಕಲಿಯುತ್ತವೆ. ಗಾತ್ರ ಬರುವುದು ತಿಂಗಳುಗಳ ಮೇಲೆ. ನಡಿಗೆ ಒಳ್ಳೆಯದೇ, ಹೃದಯಕ್ಕೆ ಬೇಕು, ಆದರೆ ದಿನವೂ ಅದೇ ಪಾರ್ಕಿನ ನಾಲ್ಕು ಸುತ್ತು ಸ್ನಾಯುವಿಗೆ ಹೊಸ ಸುದ್ದಿಯಲ್ಲ. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದೂ ಸುಳ್ಳು. ಕೊಬ್ಬು ಸ್ನಾಯುವಾಗಿ ಮಾರ್ಪಡುವುದೂ ಇಲ್ಲ. ಎರಡೂ ಬೇರೆ ಬೇರೆ ಜೀವಕೋಶಗಳು, ಒಂದು ಕುಗ್ಗಬೇಕು, ಇನ್ನೊಂದು ಹಿಗ್ಗಬೇಕು.

ನಮಗೆ ಇದು ಹೊರಗಿನಿಂದ ಬಂದ ವಿದ್ಯೆಯೇನಲ್ಲ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುವುವ ಸಾಮು ತಲೆಮಾರುಗಳಿಂದ ನಡೆದಿದೆ. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, 1930ರಲ್ಲೇ ಇಂಗ್ಲಿಷಿನಲ್ಲಿ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದಿದ್ದರು. ಬಸ್ಕಿಯನ್ನು ನಾವು ಶಾಲೆಯಲ್ಲಿ ಕಿವಿ ಹಿಡಿಸಿ ಹೊಡೆಸುವ ಶಿಕ್ಷೆ ಮಾಡಿಬಿಟ್ಟೆವು, ಅದು ನನಗೆ ಇಂದಿಗೂ ಬೇಸರದ ಸಂಗತಿ. ತೊಡೆ ಮತ್ತು ಪಿರ್ರೆಯ ದೊಡ್ಡ ಸ್ನಾಯುಗಳನ್ನು ಒಟ್ಟಿಗೆ ದುಡಿಸಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಜಿಮ್ಮಿಗೆ ಹೋಗುವ ಅನುಕೂಲವಿದ್ದರೆ ಹೋಗಿ. ಇಲ್ಲದಿದ್ದರೆ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಎರಡು ಕೈಯಲ್ಲಿ ನೀರು ತುಂಬಿದ ಬಿಂದಿಗೆ ಹಿಡಿದು ನಡೆಯುವುದು, ಹೆಗಲಿಗೆ ಹಾಕುವ ಬ್ಯಾಗಿನಲ್ಲಿ ಅಕ್ಕಿಯ ಪೊಟ್ಟಣವಿಟ್ಟು ಬಸ್ಕಿ. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಮುಖ್ಯವಾದ ಮಾತೊಂದೇ: ಕೊನೆಯ ಎರಡು ಮೂರು ಸಲ ಎತ್ತುವುದು ಕಷ್ಟವಾಗಬೇಕು, ಸುಲಭವಾದ ದಿನ ಭಾರ ಹೆಚ್ಚಬೇಕು. ಮೂರು ಲೀಟರಿನ ಬಿಂದಿಗೆ ವರ್ಷದ ಮೇಲೂ ಮೂರು ಲೀಟರಿನದೇ ಆಗಿದ್ದರೆ ಮೈ ಬದಲಾಗಲು ಕಾರಣವಿಲ್ಲ.

ವಯಸ್ಸಾಯಿತು ಎನ್ನುವವರಿಗೆ 1990ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಪ್ರಯೋಗವನ್ನು ಹೇಳಬೇಕು. ಮರಿಯಾ ಫಿಯಾಟರೋನೆ ಎಂಬ ವೈದ್ಯೆ ವೃದ್ಧಾಶ್ರಮದ, ಸರಾಸರಿ 90 ವರ್ಷದ, ಬಲ ಕುಂದಿದ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ತೊಡೆಯ ಸ್ನಾಯು ಶೇ. 9ರಷ್ಟು ಬೆಳೆಯಿತು. ಇಬ್ಬರು ಊರುಗೋಲು ಬಿಟ್ಟು ನಡೆದರು.

ಇನ್ನು ತಟ್ಟೆಯ ವಿಚಾರ. ಭಾರ ಎತ್ತಿದ ಸ್ನಾಯುವಿಗೆ ಕಟ್ಟಡದ ಇಟ್ಟಿಗೆ ಬೇಕು, ನಮ್ಮ ಊಟದಲ್ಲಿ ಕೊರತೆ ಇರುವುದು ಅಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್. ಅದು ಆರೋಗ್ಯ ಕಾಪಾಡಿಕೊಳ್ಳಲು. ಸ್ನಾಯು ಕಟ್ಟುವವರ ಮೇಲೆ ನಡೆದ 49 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಸುಮಾರು 1.6 ಗ್ರಾಂವರೆಗೆ ಪ್ರಯೋಜನ ಹೆಚ್ಚುತ್ತಾ ಹೋಯಿತು, ಅದರಾಚೆ ನಿಂತಿತು. ಭಾರ ಎತ್ತುವ ನಮ್ಮ ಐವತ್ತು ಕೆ.ಜಿ.ಯ ಹೆಂಗಸು 60ರಿಂದ 80 ಗ್ರಾಂ ಗುರಿಯಿಟ್ಟುಕೊಳ್ಳಬಹುದು.

ಬೆಳಿಗ್ಗೆ ಎರಡು ಇಡ್ಲಿ ಕಾಫಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಮಜ್ಜಿಗೆ ಎಂದರೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಬೇಳೆ ತಪ್ಪಲೆಯ ತಳದಲ್ಲಿ ಉಳಿದು, ಬಡಿಸಿಕೊಂಡವರ ತಟ್ಟೆಗೆ ತಿಳಿ ಮಾತ್ರ ಬರುವುದು ಎಷ್ಟು ಮನೆಗಳ ರೂಢಿ! ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಅಮ್ಮನಿಗೆ ಕಾಳಿನ ಪಲ್ಯವೂ ಉಳಿದಿರುವುದಿಲ್ಲ. ದಿನಕ್ಕೆ ಅರ್ಧ ಲೀಟರು ಹಾಲು ಮೊಸರು ಸೇರಿ 16 ಗ್ರಾಂ. 75 ಗ್ರಾಂ ಬೇಳೆಕಾಳು ಬೇಯಿಸಿದರೆ ಸುಮಾರು 17. ಎರಡು ಮೊಟ್ಟೆಗೆ 12. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾ 7. ದಿನದ ರಾಗಿ, ಅಕ್ಕಿ, ಗೋಧಿ ಸೇರಿ 250 ಗ್ರಾಂ ಆದರೆ 20. ಎಪ್ಪತ್ತು ದಾಟಿತು. ಮೊಟ್ಟೆ ತಿನ್ನದವರಿಗೆ 25 ಗ್ರಾಂ ಸೋಯಾ ಚಂಕ್ಸ್ ಅಷ್ಟನ್ನೇ ಕೊಡುತ್ತದೆ. ಬಸ್ಸಾರಿನ ಕಾಳಿನ ಪಲ್ಯ, ಹುರುಳಿ ಉಸಲಿ, ಹೆಸರುಬೇಳೆ ಕೋಸಂಬರಿ, ಉತ್ತರ ಕರ್ನಾಟಕದ ಶೇಂಗಾ ಹಿಂಡಿ, ಕರಾವಳಿಯ ಬಂಗುಡೆ ಎಲ್ಲವೂ ಈ ಲೆಕ್ಕದಲ್ಲಿ ಸಲ್ಲುತ್ತವೆ. ಏಕದಳ ಧಾನ್ಯದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೊ ಆಮ್ಲ ಕಾಳಿನಲ್ಲಿ ಧಾರಾಳವಾಗಿದೆ. ಮುದ್ದೆಗೆ ಹುರುಳಿಸಾರು ಜೊತೆಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 

ಊಟವನ್ನು ಒಟ್ಟಾರೆ ಕಡಿಮೆ ಮಾಡಬೇಡಿ. ಬಿಎಂಐ 18.5ಕ್ಕಿಂತ ಕೆಳಗಿದ್ದರೆ ಸ್ವಲ್ಪ ಹೆಚ್ಚೇ ತಿನ್ನಬೇಕು. ಅದಕ್ಕಿಂತ ಮೇಲಿದ್ದರೆ ಸಕ್ಕರೆ ಹಾಕಿದ ನಾಲ್ಕು ಲೋಟ ಕಾಫಿ, ಸಂಜೆಯ ಕರಿದ ತಿಂಡಿ, ಬೇಕರಿ ತಿನಿಸು ಇವುಗಳ ಜಾಗವನ್ನು ಕಾಳು, ಮೊಸರು, ಮೊಟ್ಟೆಗೆ ಬಿಟ್ಟುಕೊಟ್ಟರೆ ಸಾಕು. ನಿದ್ದೆಯನ್ನೂ ಕಡೆಗಣಿಸಬೇಡಿ. 2010ರ ಒಂದು ಚಿಕ್ಕ ಪ್ರಯೋಗದಲ್ಲಿ ಊಟ ಕಡಿಮೆ ಮಾಡಿದ ಹತ್ತು ಮಂದಿಗೆ ಎಂಟೂವರೆ ಗಂಟೆಯ ಬದಲು ಐದೂವರೆ ಗಂಟೆ ಮಾತ್ರ ಮಲಗಲು ಸಮಯ ಕೊಟ್ಟಾಗ, ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತಲೂ ಕೆಳಗೆ ಕುಸಿಯಿತು.

ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಬಿಂದಿಗೆ ಎತ್ತುವ ಮೊದಲು ವೈದ್ಯರನ್ನು ಕಾಣಿ. ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆ ಮೂರೂ ಹಾಗೆಯೇ ಶುರುವಾಗಬಹುದು. ಮೂತ್ರಪಿಂಡದ ತೊಂದರೆಯಿರುವವರು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಹುಡುಗಿಯರಲ್ಲಿ ತೂಕ ಇಳಿಸುವ ಭರದಲ್ಲಿ ಮುಟ್ಟು ನಿಂತಿದ್ದರೆ ಅದು ಮೈ ಹೊಟ್ಟೆಗಿಲ್ಲದೆ ಕೂಗುತ್ತಿರುವ ಕೂಗು. ಮನೆಯವರು ಅದನ್ನು ಕೇಳಿಸಿಕೊಳ್ಳಬೇಕು, ಗದರಿಸಬಾರದು.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ದರ್ಜಿಯ ಟೇಪು ಸಾಕು. ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ, ತಿಂಗಳಿಗೊಮ್ಮೆ ಅಳೆಯಿರಿ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಗಡಿ. ಅರ್ಧ ನಿಮಿಷದಲ್ಲಿ ಕೈ ಊರದೆ ಎಷ್ಟು ಸಲ ಕುರ್ಚಿಯಿಂದ ಏಳಬಲ್ಲಿರಿ ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ತಕ್ಕಡಿಯ ಮೇಲೂ ಆಗೊಮ್ಮೆ ಈಗೊಮ್ಮೆ ನಿಲ್ಲಿ, ತೂಕ ಇಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು.