ಒಂದು ಹಿಡಿ ಸಕ್ಕರೆಗೆ 50 ಕಿಲೋಮೀಟರು

ನಾನು ವೈದ್ಯನಲ್ಲ. ಹತ್ತನೆಯ ತರಗತಿ ಮುಗಿಸಿ, ಬ್ಯಾಂಕಿನ ಕೌಂಟರಿನಲ್ಲಿ ಹಣ ಎಣಿಸುತ್ತಲೇ ನಿವೃತ್ತನಾದ ಕಾಸರಗೋಡಿನ ಗುಮಾಸ್ತ. ಆದರೂ ಇಂದು ವೈದ್ಯಕೀಯ ವಿಷಯವೊಂದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕಾರಣ, ಅದು ನನ್ನ ಕಣ್ಣೆದುರಿಗೇ ನಡೆದದ್ದು.

ನಮ್ಮ ಶಾಖೆಯ ಕ್ಯಾಶಿಯರ್ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಅದು ತಿಂಗಳ ಮೊದಲ ವಾರ, ಪಿಂಚಣಿಯ ನೂಕುನುಗ್ಗಲು. ಊಟದ ಹೊತ್ತು ಮೀರಿತ್ತು. ಎಂದೂ ದನಿ ಏರಿಸದ ಆ ಮನುಷ್ಯ ಗಿರಾಕಿಯೊಬ್ಬರ ಮೇಲೆ ರೇಗಿದರು. ಎಣಿಸಿದ ನೋಟಿನ ಕಟ್ಟನ್ನೇ ಮತ್ತೆ ಮತ್ತೆ ಎಣಿಸಿದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. "ಕುಡಿದು ಬಂದಿದ್ದಾರೋ ಏನೋ" ಎಂದು ಸಾಲಿನಲ್ಲಿ ನಿಂತವರು ಪಿಸುಗುಟ್ಟಿದರು. ನೋಡನೋಡುತ್ತಿದ್ದಂತೆ ಅವರು ಕುರ್ಚಿಯಿಂದ ಜಾರಿ ಬಿದ್ದರು. ಬಾಡಿಗೆಯ ಆಂಬುಲೆನ್ಸ್ ಬಂತು. ಅದರಲ್ಲಿದ್ದದ್ದು ಒಂದು ಮಂಚ, ಒಂದು ಸೈರನ್, ಒಬ್ಬ ಚಾಲಕ. ಆಸ್ಪತ್ರೆ ಮುಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 31. ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಟ್ಟರು. ಕೇಳಿದ ಮೊದಲ ಮಾತು, "ಕ್ಯಾಶ್ ಟ್ಯಾಲಿ ಆಯಿತೇ?"

ಆಗ ನಾವೆಲ್ಲ ನಕ್ಕೆವು. ರಾತ್ರಿ ಮಲಗಿದಾಗ ಯೋಚನೆ ಬಂತು. ಅವರಿಗೆ ತುರ್ತಾಗಿ ಬೇಕಾಗಿದ್ದದ್ದು ಒಂದು ಹಿಡಿ ಸಕ್ಕರೆಯ ಸತ್ವ ಮಾತ್ರ. ಅದು ಆಂಬುಲೆನ್ಸಿನಲ್ಲೇ ಏಕೆ ಸಿಗಬಾರದು?

ಸಕ್ಕರೆ ಕಾಯಿಲೆ ಎಂದರೆ ಸಕ್ಕರೆ ಏರುವುದೊಂದೇ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಇಳಿಯುವುದು ಅದಕ್ಕಿಂತ ಅವಸರದ ಅಪಾಯ. ಔಷಧ ತೆಗೆದುಕೊಂಡು ಊಟ ತಪ್ಪಿಸಿದರೆ, ಅಥವಾ ಮೈಮುರಿದು ದುಡಿದರೆ, ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ನಡುಕ, ಬೆವರು, ಹಸಿವು, ಎದೆಬಡಿತ ಆಗ ಕಾಣುವ ಲಕ್ಷಣಗಳು. 54ಕ್ಕಿಂತ ಇಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ನೂ ಇಳಿದರೆ ಸೆಳೆತ ಬಂದು ಪ್ರಜ್ಞೆಯೇ ತಪ್ಪಬಹುದು. ಮಿದುಳು ನಡೆಯುವುದು ಮುಖ್ಯವಾಗಿ ಗ್ಲೂಕೋಸಿನಿಂದ. ಕೂಡಿಡಲು ಅದಕ್ಕೆ ಉಗ್ರಾಣವಿಲ್ಲ. ಬಹಳ ಹೊತ್ತು ಉಪವಾಸ ಬಿದ್ದರೆ ಮಿದುಳಿಗಾದ ಪೆಟ್ಟು ಮಾಯದೆ ಉಳಿಯಬಹುದು, ಪ್ರಾಣವೇ ಹೋಗಬಹುದು.

ಇದಕ್ಕೆ ಔಷಧ ಎರಡು. ಒಂದು, ರಕ್ತನಾಳಕ್ಕೆ ಕೊಡುವ ಗ್ಲೂಕೋಸ್ ದ್ರಾವಣ. ಇನ್ನೊಂದು ಗ್ಲುಕಗಾನ್. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಇದು ಹೊರಗೆ ತರುತ್ತದೆ. ಇದಕ್ಕೆ ರಕ್ತನಾಳ ಹುಡುಕಬೇಕಿಲ್ಲ, ತೊಡೆಗೆ ಚುಚ್ಚಿದರೆ ಸಾಕು. ಮೂಗಿನಲ್ಲಿ ಊದುವ ಪುಡಿಗೂ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಹಾಗಾದರೆ ಇದನ್ನು ಕೊಡುವ ಅಧಿಕಾರ ಯಾರಿಗೆ? ಅಮೆರಿಕದಲ್ಲಿ ಈ ಚರ್ಚೆ ಬಹಳ ನಡೆದಿದೆ. ಅಲ್ಲಿ ಆಂಬುಲೆನ್ಸ್ ಸಿಬ್ಬಂದಿಗೆ ಮೆಟ್ಟಿಲುಗಳಿವೆ: ಇಎಂಟಿ, ಅದರ ಮೇಲೆ ಅಡ್ವಾನ್ಸ್ಡ್ ಇಎಂಟಿ, ಅದಕ್ಕೂ ಮೇಲೆ ಪ್ಯಾರಾಮೆಡಿಕ್. ನುಂಗಬಲ್ಲ ರೋಗಿಗೆ ಬಾಯಿಯಿಂದ ಗ್ಲೂಕೋಸ್ ಕೊಡಲು ಕೆಳಗಿನ ಇಎಂಟಿಗೂ ಅವಕಾಶವಿದೆ. ಬೆರಳು ಚುಚ್ಚಿ ಸಕ್ಕರೆ ಅಳೆಯುವ ಕೆಲಸವನ್ನು 2019ರ ರಾಷ್ಟ್ರೀಯ ಮಾದರಿ ಅವನಿಗೆ ವಹಿಸಿತು. ರಕ್ತನಾಳದ ಗ್ಲೂಕೋಸ್ ಮತ್ತು ಗ್ಲುಕಗಾನ್ ಮಾತ್ರ ಆ ಮಾದರಿಯಂತೆ ಮೇಲಿನವರಿಗೆ. ಅಂತಿಮ ನಿಯಮ ಆಯಾ ರಾಜ್ಯದ್ದು. ಕೆಲವು ರಾಜ್ಯಗಳು ಇಎಂಟಿಗೂ ಗ್ಲುಕಗಾನ್ ಒಪ್ಪಿಸಿವೆ.

ಇದರಲ್ಲೊಂದು ವಿಚಿತ್ರ ನೋಡಿ. ಮನೆಯವರಿಗೆ ಸ್ವಲ್ಪ ಹೇಳಿಕೊಟ್ಟರೆ ಅವರೇ ಗ್ಲುಕಗಾನ್ ಚುಚ್ಚಬಹುದು. ಆದರೆ ಸಮವಸ್ತ್ರ ತೊಟ್ಟು, ತರಬೇತಿ ಪಡೆದು ಬಂದವನು ಕೆಲವೆಡೆ ಕೈಕಟ್ಟಿ ನಿಲ್ಲಬೇಕು!

ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಗಾಢ ಗ್ಲೂಕೋಸ್ ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸಖಂಡ ಕೊಳೆಯಬಹುದು. ಉಪವಾಸವಿದ್ದವರಿಗೆ, ವಿಪರೀತ ಕುಡಿದವರಿಗೆ ಗ್ಲುಕಗಾನ್ ಸರಿಯಾಗಿ ಹತ್ತುವುದಿಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿದವರಿಗೆ ಒಮ್ಮೆ ಏರಿದ ಸಕ್ಕರೆ ಗಂಟೆಗಳ ನಂತರ ಮತ್ತೆ ಕುಸಿಯಬಹುದು. ಆದ್ದರಿಂದ ಎಚ್ಚರವಾದರು ಎಂದು ಮನೆಯಲ್ಲೇ ಬಿಟ್ಟು ಹೋಗುವಂತಿಲ್ಲ. ಆದರೆ ಇವೆಲ್ಲ ತರಬೇತಿ ಬೇಕೆನ್ನುವುದಕ್ಕೆ ಕಾರಣಗಳು, ಚಿಕಿತ್ಸೆ ಬೇಡ ಎನ್ನುವುದಕ್ಕಲ್ಲ. ಬ್ಯಾಂಕಿನಲ್ಲೂ ಹಾಗೆಯೇ. ಗುಮಾಸ್ತನಿಗೆ ಇಷ್ಟು ರೂಪಾಯಿವರೆಗೆ ಪಾಸು ಮಾಡುವ ಅಧಿಕಾರ ಕೊಡುತ್ತಾರೆ. ಮಿತಿ ಮೀರಿದರೆ ಮ್ಯಾನೇಜರ ಸಹಿ. ಎಲ್ಲಕ್ಕೂ ಮ್ಯಾನೇಜರೇ ಬೇಕೆಂದರೆ ಸಾಲು ಬೀದಿಗೆ ಬರುತ್ತದೆ. ಆಂಬುಲೆನ್ಸಿನಲ್ಲಿ ಅಳೆಯಲು ಗ್ಲುಕೋಮೀಟರ್, ಲಿಖಿತ ನಿಯಮ, ಫೋನಿನಲ್ಲಿ ವೈದ್ಯರ ಸಲಹೆ — ಈ ಮೂರಿದ್ದರೆ ಅಧಿಕಾರಕ್ಕೆ ಮಿತಿಯೂ ಬಂತು, ಹೊಣೆಯೂ ಬಂತು.

ಇನ್ನು ನಮ್ಮ ಕಡೆಗೆ ಬರೋಣ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ 108 ಸೇವೆ 2008ರಲ್ಲಿ 'ಆರೋಗ್ಯ ಕವಚ'ವಾಗಿ ಕರ್ನಾಟಕಕ್ಕೆ, 2019ರಲ್ಲಿ 'ಕನಿವ್' ಆಗಿ ಕೇರಳದಾದ್ಯಂತ ಬಂತು. ಅದರಲ್ಲಿ ಚಾಲಕನ ಜತೆಗೆ ತರಬೇತಿ ಪಡೆದವರೂ ಇರುತ್ತಾರೆ. 2021ರ ಕೇಂದ್ರ ಕಾಯ್ದೆ ಈ ವೃತ್ತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆದರೆ ಬಾಡಿಗೆ ಆಂಬುಲೆನ್ಸುಗಳಲ್ಲಿ ಇಂದಿಗೂ ಚಾಲಕನೊಬ್ಬನೇ ಬರುವುದುಂಟು. ಕಾಸರಗೋಡಿನವರು ದೊಡ್ಡ ಚಿಕಿತ್ಸೆಗೆ ಸುಮಾರು 50 ಕಿಲೋಮೀಟರು ದೂರದ ಮಂಗಳೂರನ್ನು ನಂಬಿದವರು. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ನಿಮಿತ್ತ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸುಗಳು ಅಲ್ಲೇ ನಿಂತದ್ದನ್ನು ನಾವು ಮರೆತಿಲ್ಲ. ದಾರಿ ಉದ್ದವಿದ್ದವರಿಗೆ ದಾರಿಯಲ್ಲೇ ಚಿಕಿತ್ಸೆ ಸಿಗಬೇಕು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇಷ್ಟು ನೆನಪಿಡಿ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಅಳೆಯಿರಿ. ಏರದಿದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಒಂದು ತೊಟ್ಟೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆಮಾಡಿ, ಸಕ್ಕರೆ ಕಾಯಿಲೆ ಇದೆ ಎಂದು ಮೊದಲೇ ಹೇಳಿ. ಅವರು ತೆಗೆದುಕೊಳ್ಳುವ ಮಾತ್ರೆಯ ಚೀಟಿ ಜತೆಗಿರಲಿ. ಬಾಡಿಗೆ ಆಂಬುಲೆನ್ಸ್ ಕರೆಸುವುದಾದರೆ ಎರಡು ಪ್ರಶ್ನೆ ಕೇಳಿ: "ಗ್ಲುಕೋಮೀಟರ್ ಇದೆಯೇ? ಅದನ್ನು ಬಳಸಬಲ್ಲವರು ಇದ್ದಾರೆಯೇ?"

ನಮ್ಮ ಕ್ಯಾಶಿಯರ್ ಬದುಕಿ ಉಳಿದರು. ಅಂದು ಸಂಜೆ ಕ್ಯಾಶ್ ಕೂಡ ಟ್ಯಾಲಿ ಆಯಿತು. ಆದರೆ ಕಳೆದುಹೋದ ಆ ಮುಕ್ಕಾಲು ಗಂಟೆ ಮಾತ್ರ ನನ್ನ ಲೆಕ್ಕದಲ್ಲಿ ಇಂದಿಗೂ ಟ್ಯಾಲಿ ಆಗಿಲ್ಲ.